ಬಯಲಿಗೆ ಬಂದವರಿಗೆ ಏನು ತೋರಿಸೋಣ?



ದೊಡವಾಡಕ್ಕೆ ಹೊಸಬರು ಬಂದು, "ನಿಮ್ಮೂರಾಗ ನೋಡೂವಂಥದ್ದು ಏನೈತ್ರಿ?" ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: "ಇಲ್ಲೇನೈತ್ರಿ, ಬರೇ ಹೊಲ." ಹಾಗೆಂದು ಅವರನ್ನು ಸೊಗಲದ ಜಲಪಾತಕ್ಕೋ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ, ಕಿತ್ತೂರಿನ ಕೋಟೆಗೋ ಕಳಿಸಿಬಿಡುತ್ತೇವೆ. ಅವೆಲ್ಲ ನೋಡಲೇಬೇಕಾದ ಸ್ಥಳಗಳು, ನಿಜ. ಆದರೆ "ಬರೇ ಹೊಲ" ಎಂಬ ಮಾತನ್ನು ಇವತ್ತು ಸ್ವಲ್ಪ ವಿಚಾರ ಮಾಡೋಣ. ಈ ಭಾಗದ ಇತಿಹಾಸದ ಬೇರು ಇರುವುದು ಆ ಹೊಲದಲ್ಲಿಯೇ ಎಂಬುದು ನನ್ನ ತಿಳಿವಳಿಕೆ.

ನಮ್ಮದು ಎರೆಮಣ್ಣಿನ ಬಯಲು. ಮಳೆಗಾಲದಲ್ಲಿ ಕಾಲಿಗೆ ಅಂಟಿ ನಡೆಯಗೊಡದ ಈ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಮ್ಮೆ ಕುಡಿದ ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುವುದರಿಂದ ಮಳೆ ನಿಂತ ಮೇಲೂ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತವೆ. ಆದರೆ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಆರೈಕೆ ತಪ್ಪಿದರೆ ಕೆಲವೇ ಮಳೆಗಾಲದಲ್ಲಿ ಕರಗಿ ಹೋಗುತ್ತವೆ. ಕಲ್ಲಿನ ಗುಡಿ ಉಳಿದಂತೆ ಒಕ್ಕಲಿಗನ ಮನೆ ಉಳಿಯುವುದಿಲ್ಲ. ಆದ್ದರಿಂದ ಬಯಲಿನ ಊರಿನಲ್ಲಿ ಕಣ್ಣಿಗೆ ಕಾಣುವ ಇತಿಹಾಸ ಕಡಿಮೆ. ಹಾಗೆಂದರೆ ಇತಿಹಾಸವೇ ಕಡಿಮೆ ಎಂದು ಅರ್ಥವಲ್ಲ.

ಕಿತ್ತೂರಿನ ಕಥೆ ನಮಗೆಲ್ಲ ಗೊತ್ತು. 1824ರಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅವನು ಮಾಡಿಕೊಂಡಿದ್ದ ದತ್ತಕವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಆ ವರ್ಷದ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಹತನಾದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದಳು. ಅವಳ ಸಮಾಧಿ ನಮ್ಮ ತಾಲ್ಲೂಕಿನ ಊರಲ್ಲೇ ಇದೆ. ಕಿತ್ತೂರಿನ ಕೋಟೆ ನೋಡಿ ಅಲ್ಲಿಂದಲೇ ಮರಳುವ ಪ್ರವಾಸಿ ಅರ್ಧ ಕಥೆ ಕೇಳಿ ಎದ್ದುಹೋದಂತೆ.

ಆದರೆ ಕೋಟೆ ಬಿದ್ದ ಮೇಲೂ ಹೋರಾಟ ನಿಲ್ಲಲಿಲ್ಲವಲ್ಲ, ಯಾಕೆ? ಇಲ್ಲಿ ಹೊಲದ ಮಾತು ಬರುತ್ತದೆ. ಮಲಪ್ರಭೆಯ ದಂಡೆಯ ಸಂಗೊಳ್ಳಿಯ ರಾಯಣ್ಣ ದೇಸಾಯಿಯೂ ಅಲ್ಲ, ಸರದಾರನೂ ಅಲ್ಲ, ಶೇತಸನದಿ. ಊರು ಕಾಯುವ, ಕರೆ ಬಂದಾಗ ಆಯುಧ ಹಿಡಿಯುವ ಸೇವೆಗೆ ಸಂಬಳದ ಬದಲು ಹೊಲದ ಸನದು ಪಡೆದವನಿಗೆ ಆ ಹೆಸರು. ಕಂಪನಿ ಸರ್ಕಾರ ಅವನ ಭೂಮಿಯನ್ನು ಕಸಿದುಕೊಂಡಿತು, ಉಳಿದದ್ದರ ಮೇಲೆ ಭಾರಿ ಕಂದಾಯ ಹೇರಿತು. ಇದು ಅವನೊಬ್ಬನ ಪಾಡಲ್ಲ. ಒಡೆಯ ಹೋದರೆ ಒಕ್ಕಲಿಗ ಸಹಿಸಿಯಾನು; ಹೊಲವೇ ಹೋದರೆ ಸಹಿಸಲಾರ. ರಾಯಣ್ಣನ ಹಿಂದೆ ಹಳ್ಳಿಯ ಸಾಮಾನ್ಯ ಜನ ಕೂಡಿದ್ದು ದತ್ತುಮಗನಿಗೆ ಗಾದಿ ಕೊಡಿಸಲಿಕ್ಕೆ ಮಾತ್ರವಲ್ಲ.

ಅವನ ಪಡೆ ಕೈಹಚ್ಚಿದ ಜಾಗಗಳನ್ನು ನೋಡಿರಿ. ಸರ್ಕಾರಿ ಕಚೇರಿಗಳು ಸುಟ್ಟವು, ಖಜಾನೆಗಳು ಲೂಟಿಯಾದವು. ಬೀಡಿ, ಸಂಪಗಾವಿಗಳ ಹೆಸರು ಈ ಕಥೆಯಲ್ಲಿ ಬರುವುದು ಹೀಗೆಯೇ. ಯಾವ ಹೊಲ ಯಾರದು, ಅದಕ್ಕೆಷ್ಟು ಕಂದಾಯ ಎಂದು ಬರೆದಿಡುತ್ತಿದ್ದ ಜಾಗಗಳು ಇವೇ ಅಲ್ಲವೆ? ಕೊನೆಗೆ ನಂಬಿಸಿ ಮೋಸ ಮಾಡಿದವರಿಂದ 1830ರಲ್ಲಿ ರಾಯಣ್ಣ ಸೆರೆಸಿಕ್ಕ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದ ಹೆಣ್ಣುಮಕ್ಕಳು ತೊಟ್ಟಿಲು ಕಟ್ಟಿ ಹರಕೆ ಹೊತ್ತರು.

ಕಾಗದ ಸುಟ್ಟಿತು, ಹಾಡು ಉಳಿಯಿತು. ಇದಾಗಿ ಅರ್ಧ ಶತಮಾನ ಕಳೆದ ಮೇಲೆ ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ 1880ರ ದಶಕದಲ್ಲಿ ಕನ್ನಡದ ಲಾವಣಿಗಳನ್ನು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಅವುಗಳಲ್ಲಿ ರಾಯಣ್ಣನ ದಂಗೆಯ ಲಾವಣಿಯೂ ಇತ್ತು. ಗಲ್ಲಿಗೇರಿಸಿದ ಸರ್ಕಾರದ ಅಧಿಕಾರಿಯೇ ಆ ಹಾಡನ್ನು ಬರೆದಿಟ್ಟ. ನಾವು ಎಷ್ಟು ಬರೆದಿಟ್ಟೆವು?

ಇವತ್ತು ನಾನು ಕೇಳಬೇಕೆಂದಿರುವುದು ಇದನ್ನೇ. ಸಂಗೊಳ್ಳಿಯಲ್ಲಿ ರಾಯಣ್ಣನ ಜೀವನವನ್ನು ತೋರಿಸುವ ಶಿಲ್ಪವನ 2024ರಲ್ಲಿ ತೆರೆಯಿತು, ಸಂತೋಷದ ಸಂಗತಿ. ಶಿಲ್ಪವನ್ನು ಸರ್ಕಾರ ಮಾಡಿಸಬಹುದು. ಆದರೆ ಹೊಲಗಳ ಹೆಸರು ಉಳಿಸುವವರು ನಾವೇ. ನಮ್ಮ ಕಡೆಯ ಊರುಗಳಲ್ಲಿ ವಾಲೀಕಾರರ ಹೊಲ, ದೇಸಾಯರ ಪಟ್ಟಿ ಎಂಬಂಥ ಹೆಸರುಗಳು ಹಿರಿಯರ ಬಾಯಲ್ಲಿ ಇನ್ನೂ ಇವೆ. ಊರ ಸೇವೆಗೆಂದು ಕೊಟ್ಟ ಭೂಮಿಯ ಪದ್ಧತಿಯನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕೊನೆಗಾಣಿಸಿತು. ಹುಟ್ಟಿನಿಂದ ಚಾಕರಿ ಅಂಟಿಕೊಳ್ಳುತ್ತಿದ್ದ ಆ ಪದ್ಧತಿ ಹೋದದ್ದು ಒಳ್ಳೆಯದೇ. ಆದರೆ ಅದರ ನೆನಪೂ ಹೋಗಬೇಕಾಗಿಲ್ಲ. ಈಗಿನ ಹುಡುಗರಿಗೆ ತಮ್ಮ ಹೊಲದ ಸರ್ವೆ ನಂಬರು ಗೊತ್ತು, ಹೆಸರು ಗೊತ್ತಿಲ್ಲ. ಅಜ್ಜಂದಿರು ಹೋದ ಮೇಲೆ ಕೇಳೋಣವೆಂದರೆ ಹೇಳುವವರು ಯಾರು?

ಶಾಲೆಯ ಮಕ್ಕಳು ಒಂದು ವಹಿ ಇಡಲಿ. ಒಂದು ಪುಟದಲ್ಲಿ ಹೊಲದ ಹೆಸರು, ಅದು ಯಾಕೆ ಬಂತೆಂಬ ಹಿರಿಯರ ಮಾತು. ಇನ್ನೊಂದು ಪುಟದಲ್ಲಿ ಗೀಗೀ ಪದ, ಲಾವಣಿ ಬಲ್ಲವರು ಹಾಡಿದ್ದು. ಗಿಡದ ಬುಡದಲ್ಲಿ ಎಣ್ಣೆ ಬಳಿಸಿಕೊಂಡು ನಿಂತ ವೀರಗಲ್ಲು ಇದ್ದರೆ ಅದು ಇರುವ ಜಾಗ. ಹಿರಿಯರು ಹೇಳಿದ್ದೆಲ್ಲ ಹೌದೆಂದು ನಂಬಬೇಕಿಲ್ಲ. ಮೊದಲು ಬರೆದಿಡೋಣ, ದಾಖಲೆಯೊಡನೆ ಹೋಲಿಸುವ ಕೆಲಸ ಆಮೇಲೆ ಆಗಲಿ.

ಮುಂದಿನ ಸಲ ಹೊಸಬರು ಬಂದಾಗ ಕಿತ್ತೂರು, ಬೈಲಹೊಂಗಲ, ಸಂಗೊಳ್ಳಿ, ನಂದಗಡ ಈ ನಾಲ್ಕನ್ನೂ ಇದೇ ಕ್ರಮದಲ್ಲಿ ನೋಡಲು ಹೇಳಿರಿ, ಕಥೆ ಪೂರ್ತಿಯಾಗುತ್ತದೆ. ಅದಕ್ಕೂ ಮೊದಲು ಅವರನ್ನು ನಮ್ಮೂರ ಬದುವಿನ ಮೇಲೆ ನಿಲ್ಲಿಸಿ, "ಇದರ ಸಲುವಾಗಿ ಆದ ಜಗಳರೀ ಅದು" ಎಂದು ಹೇಳಿರಿ.