ಬಹುಮತವೂ ಪಾತ್ರವಿವೇಕವೂ

 

ಯಾವುದೇ ಬಸದಿಯ ಪ್ರತಿಷ್ಠಾ ಮಹೋತ್ಸವದ ಲೆಕ್ಕಪುಸ್ತಕವನ್ನು ತೆರೆದು ನೋಡಿದರೆ, ಕೆಲವೇ ದೊಡ್ಡ ಮೊತ್ತಗಳ ನಡುವೆ ಅನೇಕಾನೇಕ ಸಣ್ಣ ಮೊತ್ತಗಳು ಕಂಡುಬರುತ್ತವೆ. ಒಬ್ಬ ಶ್ರಾವಕನು ತನ್ನ ಮನೆಯ ಬಾಗಿಲಲ್ಲಿ ನಿಂತು ಕೊಡುವಾಗ ಯಾರಿಗೆ, ಎಷ್ಟು, ಏತಕ್ಕೆ ಎಂಬುದನ್ನು ಅವನ ಅಂತಃಕರಣವೇ ನಿರ್ಣಯಿಸುತ್ತದೆ. ಸಾವಿರ ಜನ ಕೂಡಿ ಕೊಟ್ಟ ದ್ರವ್ಯವು ಒಂದೇ ನಿಧಿಯಾಗಿ ಸೇರಿದಾಗ ಆ ನಿರ್ಣಯವನ್ನು ಯಾರು ಮಾಡಬೇಕು? ಹಿರಿಯರು ನಾಲ್ವರು ಕುಳಿತು ಮಾಡಬೇಕೇ? ಕೊಟ್ಟವರೆಲ್ಲರೂ ಮತವಿತ್ತು ಮಾಡಬೇಕೇ? ಪ್ರಜಾಪ್ರಭುತ್ವದ ಈ ಕಾಲದಲ್ಲಿ ಎರಡನೆಯ ಮಾರ್ಗವೇ ನ್ಯಾಯವಾದದ್ದೆಂದು ಒಡನೆಯೇ ತೋರುವುದು ಸಹಜ. ಆದರೆ ಈ ಮಾರ್ಗದಲ್ಲಿ ಈಗಾಗಲೇ ನಡೆದು ನೋಡಿದವರ ಅನುಭವವು ವಿಚಾರಾರ್ಹವಾಗಿದೆ.

ಶ್ರೀ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಹೆಚ್ಚುಗಾರಿಕೆಯನ್ನು ಅಳೆಯಲು ನಾಲ್ಕು ಅಂಗಗಳನ್ನು ಹೇಳಿದ್ದಾರೆ: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ. ಶಾಸ್ತ್ರದಲ್ಲಿ ಪಾತ್ರವೆಂದರೆ ಮುಖ್ಯವಾಗಿ ರತ್ನತ್ರಯಧಾರಿಗಳು. ದೀನರಿಗೂ ಮೂಕಪ್ರಾಣಿಗಳಿಗೂ ಕೊಡುವುದು ಕರುಣಾದಾನವೆಂದು ಬೇರೆಯಾಗಿ ಎಣಿಕೆಯಾಗಿದೆ. ಆದರೂ ಯಾವ ದಾನವನ್ನೇ ಆಗಲಿ ಈ ನಾಲ್ಕು ಮುಖಗಳಿಂದ ನೋಡುವ ದೃಷ್ಟಿ ಸರ್ವತ್ರ ಉಪಯುಕ್ತವಾದುದು. ಈ ನಾಲ್ಕರ ಪೈಕಿ ಎಣಿಕೆಯ ಸಂಖ್ಯೆಗೆ, ಅಂದರೆ ಎಷ್ಟು ಜನ ಒಪ್ಪಿದರು ಎಂಬುದಕ್ಕೆ, ಸ್ಥಾನವಿಲ್ಲವೆಂಬುದನ್ನು ಮೊದಲಿಗೇ ಗಮನಿಸಬೇಕು.

ಅಮೆರಿಕದಲ್ಲಿ ರೆಡ್ಡಿಟ್ ಎಂಬ ಅಂತರ್ಜಾಲ ತಾಣವೊಂದಿದೆ. 2005ರಲ್ಲಿ ಸ್ಥಾಪಿತವಾದ ಈ ತಾಣದಲ್ಲಿ ಬರೆಯುವವರೂ ಓದುವವರೂ ಸದಸ್ಯರೇ. ಒಬ್ಬರು ಬರೆದುದನ್ನು ಉಳಿದವರು ತಮ್ಮ ಮತದಿಂದ ಮೇಲಕ್ಕೆ ಏರಿಸುತ್ತಾರೆ, ಇಲ್ಲವೇ ಕೆಳಕ್ಕೆ ಇಳಿಸುತ್ತಾರೆ. ಹೀಗೆ ಮತದಾನವೇ ಉಸಿರಾಗಿರುವ ಈ ಬಳಗಕ್ಕೆ 2014ರ ಫೆಬ್ರವರಿಯಲ್ಲಿ ಅದರ ಒಡೆತನದ ಸಂಸ್ಥೆಯು ಒಂದು ವಚನವನ್ನು ಕೊಟ್ಟಿತು. ಆ ವರ್ಷ ಜಾಹೀರಾತುಗಳಿಂದ ಬರುವ ವರಮಾನದಲ್ಲಿ ಶೇಕಡ 10ರಷ್ಟನ್ನು ಧರ್ಮಕಾರ್ಯಗಳಿಗೆ ಕೊಡಲಾಗುವುದು, ಯಾವ ಸಂಸ್ಥೆಗಳಿಗೆ ಎಂಬುದನ್ನು ಸದಸ್ಯರೇ ಮತವಿತ್ತು ಆರಿಸಬೇಕು ಎಂಬುದೇ ಆ ವಚನ. 2015ರ ಆರಂಭದಲ್ಲಿ ಮತದಾನವು ನಡೆಯಿತು. ಹೆಚ್ಚು ಮತ ಪಡೆದ 10 ಸಂಸ್ಥೆಗಳಿಗೆ ತಲಾ 82,765 ಡಾಲರುಗಳಂತೆ, ಒಟ್ಟು ಎಂಟು ಲಕ್ಷ ಡಾಲರುಗಳಿಗೂ ಮಿಕ್ಕ ಹಣವು ಸಮಭಾಗವಾಗಿ ಹಂಚಿಕೆಯಾಯಿತು. ಕೊಟ್ಟ ಮಾತು ನಡೆಯಿತು. ಹಣವು ಬಹಿರಂಗವಾಗಿ ವಿನಿಯೋಗವಾಯಿತು. ಇಷ್ಟರಮಟ್ಟಿಗೆ ಇದು ಪ್ರಶಂಸೆಗೆ ಅರ್ಹವಾದ ಕಾರ್ಯವೇ ಸರಿ.

ಆದರೆ ಆರಿಸಿ ಬಂದ ಹತ್ತು ಹೆಸರುಗಳನ್ನು ಸಾವಧಾನವಾಗಿ ಓದಬೇಕು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್, ವಿಕಿಮೀಡಿಯಾ ಫೌಂಡೇಶನ್, ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ಟಾರ್ ಪ್ರಾಜೆಕ್ಟ್ ಈ ನಾಲ್ಕೂ ಗಣಕಯಂತ್ರ ಮತ್ತು ಅಂತರ್ಜಾಲ ಜಗತ್ತಿನ ಸ್ವಾತಂತ್ರ್ಯ, ಜ್ಞಾನಪ್ರಸಾರಗಳಿಗೆ ಸಂಬಂಧಿಸಿದವು. ಎರೋವಿಡ್ ಎಂಬ ಕೇಂದ್ರವೂ, ಮ್ಯಾಪ್ಸ್ ಎಂದು ಸಂಕ್ಷಿಪ್ತವಾಗಿ ಕರೆಯಲಾಗುವ ಸಂಶೋಧನ ಸಂಸ್ಥೆಯೂ ಚಿತ್ತವನ್ನು ಮಾರ್ಪಡಿಸುವ ದ್ರವ್ಯಗಳ ಮಾಹಿತಿ, ಸಂಶೋಧನೆಗಳಿಗೆ ಮೀಸಲಾದವು. ಎನ್.ಪಿ.ಆರ್. ಒಂದು ಸಾರ್ವಜನಿಕ ಬಾನುಲಿ ಸಂಸ್ಥೆ. ಪ್ಲಾನ್ಡ್ ಪೇರೆಂಟ್‌ಹುಡ್ ಕುಟುಂಬಯೋಜನೆ ಹಾಗೂ ಸ್ತ್ರೀಯರ ಆರೋಗ್ಯಕ್ಕೆ ಸಂಬಂಧಿಸಿದ್ದು. ಫ್ರೀಡಂ ಫ್ರಂ ರಿಲಿಜನ್ ಫೌಂಡೇಶನ್ ರಾಜ್ಯವನ್ನೂ ಮತಧರ್ಮವನ್ನೂ ಬೇರೆಯಾಗಿ ಇರಿಸಬೇಕೆಂದು ವಾದಿಸುವುದು. ಯುದ್ಧಭೂಮಿಗಳಲ್ಲಿಯೂ ರೋಗಪೀಡಿತ ನಾಡುಗಳಲ್ಲಿಯೂ ಶುಶ್ರೂಷೆ ನಡೆಸುವ, 1999ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದ, ‘ಗಡಿಗಳಿಲ್ಲದ ವೈದ್ಯರು’ ಎಂಬ ಸಂಸ್ಥೆಯೂ ಈ ಹತ್ತರಲ್ಲಿತ್ತು.

ಇವುಗಳಲ್ಲಿ ಯಾವುದು ಉತ್ತಮ, ಯಾವುದು ಅಧಮ ಎಂಬ ವಿಮರ್ಶೆ ಇಲ್ಲಿ ಪ್ರಸ್ತುತವಲ್ಲ. ಪ್ರತಿಯೊಂದಕ್ಕೂ ಅದರದೇ ಆದ ಉದ್ದೇಶವಿದೆ. ಗಮನಿಸಬೇಕಾದುದು ಬೇರೊಂದು ಸಂಗತಿ. ಈ ಪಟ್ಟಿಯನ್ನು ನೋಡಿದರೆ ಪಡೆದವರ ಕಷ್ಟಕ್ಕಿಂತ ಮತವಿತ್ತವರ ಮುಖವೇ ಸ್ಪಷ್ಟವಾಗಿ ಕಾಣುತ್ತದೆ. ಗಣಕಯಂತ್ರದ ಮುಂದೆ ಕುಳಿತವರಿಗೆ ಗಣಕಯಂತ್ರದ ಲೋಕವೇ ಮೊದಲು ನೆನಪಾಯಿತು. ಹಸಿದವರಿಗೆ ಅನ್ನ ನೀಡುವುದನ್ನೇ ಮುಖ್ಯ ವ್ರತವಾಗಿ ಉಳ್ಳ ಒಂದು ಸಂಸ್ಥೆಯೂ ಆ ಹತ್ತರಲ್ಲಿ ಇಲ್ಲ. ಮೂಕಪ್ರಾಣಿಗಳ ರಕ್ಷಣೆಗೆ ನಿಂತ ಒಂದು ಸಂಸ್ಥೆಯೂ ಇಲ್ಲ. ಮತ ಹಾಕಿದವರು ನಿರ್ದಯರೆಂದು ಇದರ ಅರ್ಥವಲ್ಲ. ಹಸಿದವನು ಆ ಬಳಗದ ಸದಸ್ಯನಾಗಿರಲಿಲ್ಲ. ಗೋವಿಗೂ ಹಕ್ಕಿಗೂ ಮತವಿರಲಿಲ್ಲ. ಮತವಿಲ್ಲದವರ ನೋವು ಎಣಿಕೆಗೆ ಬಾರದೆ ಹೋಯಿತು. ಬಹುಮತದ ದಾನಕ್ಕಿರುವ ಮೊದಲ ಮಿತಿ ಇದೇ ಆಗಿದೆ.

ಎರಡನೆಯ ಮಿತಿ ವಿಧಿಗೆ ಸಂಬಂಧಿಸಿದುದು. 2009ರ ಕೊನೆಯಲ್ಲಿ ಅಮೆರಿಕದ ಚೇಸ್ ಬ್ಯಾಂಕು ಫೇಸ್‌ಬುಕ್ಕಿನ ಮೂಲಕ 50 ಲಕ್ಷ ಡಾಲರುಗಳ ದಾನವನ್ನು ಜನರ ಮತಕ್ಕೆ ಬಿಟ್ಟಿತು. ಮೊದಲ ಸುತ್ತಿನಲ್ಲಿ 100 ಸಂಸ್ಥೆಗಳಿಗೆ ತಲಾ 25,000 ಡಾಲರು. 2010ರ ಜನವರಿಯಲ್ಲಿ ನಡೆದ ಕೊನೆಯ ಸುತ್ತಿನಲ್ಲಿ ಮೊದಲ ಸ್ಥಾನ ಪಡೆದವರಿಗೆ 10 ಲಕ್ಷ ಡಾಲರು. ಆ ದೊಡ್ಡ ಮೊತ್ತವನ್ನು ಗೆದ್ದುದು ಇನ್‌ವಿಸಿಬಲ್ ಚಿಲ್ಡ್ರನ್ ಎಂಬ ಸಂಸ್ಥೆ. ಉಗಾಂಡದ ಬಂಡುಕೋರರು ಅಪಹರಿಸಿ ಕೈಗೆ ಆಯುಧ ಕೊಡುತ್ತಿದ್ದ ಮಕ್ಕಳ ಸಂಕಟವನ್ನು ಚಲನಚಿತ್ರಗಳ ಮೂಲಕ ಅಮೆರಿಕದ ತರುಣರಿಗೆ ತಿಳಿಸಿ, ಅವರನ್ನು ದೊಡ್ಡ ಸಂಖ್ಯೆಯಲ್ಲಿ ಒಗ್ಗೂಡಿಸಿದ್ದ ಸಂಸ್ಥೆ ಅದು. ಅದರ ಉದ್ದೇಶ ದೊಡ್ಡದೇ ಆದರೂ ಅದನ್ನು ಗೆಲ್ಲಿಸಿದುದು ಜನರನ್ನು ಕೂಡಿಸಬಲ್ಲ ಸಾಮರ್ಥ್ಯ. ಆ ಸ್ಪರ್ಧೆಯಲ್ಲಿ ಕೆಲವು ಸಂಸ್ಥೆಗಳು ತಮ್ಮನ್ನು ಅನ್ಯಾಯವಾಗಿ ಕೈಬಿಡಲಾಯಿತೆಂದು ಆಕ್ಷೇಪಿಸಿದವು; ಮತದಾನದ ಕೊನೆಯ ದಿನಗಳಲ್ಲಿ ಎಣಿಕೆಯನ್ನು ಮರೆಮಾಡಿದುದೂ ಟೀಕೆಗೆ ಗುರಿಯಾಯಿತು.

2010ರಲ್ಲಿ ಪೆಪ್ಸಿ ಕಂಪನಿಯು ಇದಕ್ಕಿಂತಲೂ ದೊಡ್ಡ ಪ್ರಯೋಗವನ್ನು ಕೈಗೊಂಡಿತು. ಸೂಪರ್ ಬೌಲ್ ಎಂಬ ಪ್ರಸಿದ್ಧ ಫುಟ್‌ಬಾಲ್ ಪಂದ್ಯದ ವೇಳೆ 23 ವರ್ಷಗಳಿಂದ ಕೊಡುತ್ತಿದ್ದ ಜಾಹೀರಾತನ್ನು ಆ ವರ್ಷ ಕೈಬಿಟ್ಟು, ಎರಡು ಕೋಟಿ ಡಾಲರುಗಳನ್ನು ಲೋಕೋಪಯೋಗಿ ಯೋಜನೆಗಳಿಗೆ ಮೀಸಲಿಟ್ಟಿತು. ಶಾಲೆಯ ಆಟದ ಬಯಲು, ಊರಿನ ಉದ್ಯಾನ, ರೋಗಿಗಳ ನೆರವು ಹೀಗೆ ಯಾರು ಬೇಕಾದರೂ ಯೋಜನೆಯನ್ನು ಮುಂದಿಡಬಹುದು. ಜನರ ಮತದಂತೆ ತಿಂಗಳು ತಿಂಗಳೂ 5,000 ಡಾಲರಿನಿಂದ 2,50,000 ಡಾಲರಿನವರೆಗೆ ನೆರವು ದೊರೆಯುವುದು. ಇದರಿಂದ ಅನೇಕ ಸಣ್ಣ ಊರುಗಳಿಗೆ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕ್ರಮೇಣ, ‘ನಮಗೆ ನೀವು ಮತ ಹಾಕಿರಿ, ನಿಮಗೆ ನಾವು ಹಾಕುತ್ತೇವೆ’ ಎಂಬ ಒಪ್ಪಂದಗಳು ಬೆಳೆದವು. ಹಣ ಪಡೆದು ಮತಗಳನ್ನು ಒದಗಿಸುವವರಿದ್ದಾರೆಂಬ ಆರೋಪಗಳೂ ಕೇಳಿಬಂದವು. 2012ರಲ್ಲಿ ಆ ಯೋಜನೆಯು ಕೊನೆಗೊಂಡಿತು.

ಧರ್ಮಬಂಧುಗಳೇ, ಅನಾಥಾಲಯವನ್ನು ನಡೆಸುವ ಒಬ್ಬಾಕೆಯ ಸ್ಥಿತಿಯನ್ನು ಇಲ್ಲಿ ಊಹಿಸಿಕೊಳ್ಳಬಹುದು. ಮಕ್ಕಳಿಗೆ ಊಟ ಬಡಿಸುವ, ಪಾಠ ಹೇಳುವ, ಜ್ವರ ಬಂದ ಮಗುವಿನ ಬಳಿ ರಾತ್ರಿ ಎಚ್ಚರವಿರುವ ಆಕೆ, ತಿಂಗಳಿಡೀ ಅವರಿವರ ಬಳಿ ಮತ ಯಾಚಿಸುತ್ತ ಅಲೆಯಬೇಕು. ತಿಂಗಳ ಕೊನೆಯಲ್ಲಿ ಕೆಲವೇ ಮತಗಳ ಅಂತರದಿಂದ ಸೋತರೆ ಆಕೆಗೆ ದೊರೆಯುವುದು ಏನೂ ಇಲ್ಲ. ಹೋದ ತಿಂಗಳು ತಿರುಗಿ ಬರುವುದೂ ಇಲ್ಲ. ಮೌನವಾಗಿ ಸೇವೆ ಮಾಡುವವರು ಹಿಂದೆ ಉಳಿದು, ಬಾಯಿಬಲವುಳ್ಳವರು ಮುಂದೆ ಬರುವ ವಿಧಿಯು ದಾನದ ವಿಧಿಯಾಗಲಾರದು. ದೀನನು ಕೈಚಾಚುವ ಮೊದಲೇ ಅವನ ಬಳಿಗೆ ಹೋಗಿ ಕೊಡಬೇಕೆಂದು ಹಿರಿಯರು ಬಯಸಿದುದು ಅವನ ಮಾನವನ್ನು ಕಾಯುವುದಕ್ಕಾಗಿ ತಾನೇ?

ಹಾಗಾದರೆ ಜನಮತವನ್ನು ಬಿಟ್ಟು ತಜ್ಞರ ಪರೀಕ್ಷೆಯನ್ನೇ ನಂಬಬಹುದೇ? ಆ ಮಾರ್ಗವನ್ನು ಹಿಡಿದವರೂ ಅದೇ ಅಮೆರಿಕದಲ್ಲಿದ್ದಾರೆ. ಹೋಲ್ಡನ್ ಕಾರ್ನೋಫ್ಸ್ಕಿ, ಎಲೀ ಹ್ಯಾಸನ್‌ಫೆಲ್ಡ್ ಎಂಬ ಇಬ್ಬರು ತರುಣರು ಹಣಹೂಡಿಕೆಯ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದಾಗ, ತಾವು ಕೊಡುವ ಹಣವು ನಿಜವಾಗಿ ಯಾರಿಗೆ ಎಷ್ಟು ಉಪಕಾರ ಮಾಡುತ್ತದೆಂದು ವಿಚಾರಿಸಲು ಹೊರಟರು. ಧರ್ಮಸಂಸ್ಥೆಗಳಿಂದ ತೃಪ್ತಿಕರವಾದ ಉತ್ತರವು ಸುಲಭವಾಗಿ ದೊರೆಯಲಿಲ್ಲ. ಆ ಜಿಜ್ಞಾಸೆಯೇ ಬೆಳೆದು 2007ರಲ್ಲಿ ಗಿವ್‌ವೆಲ್ ಎಂಬ ಸಂಸ್ಥೆಯಾಯಿತು. ಅದು ಧರ್ಮಕಾರ್ಯಗಳ ಲೆಕ್ಕ, ವಿಧಾನ, ಫಲಿತಾಂಶಗಳನ್ನು ಪರಿಶೀಲಿಸಿ ಕೆಲವನ್ನು ಮಾತ್ರ ದಾನಿಗಳಿಗೆ ಸೂಚಿಸುತ್ತದೆ. ಆಫ್ರಿಕದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಎಳೆಯ ಮಕ್ಕಳಿಗೆ ಮಲೇರಿಯಾ ಬಾರದಂತೆ ಮನೆಮನೆಗೆ ಔಷಧ ತಲುಪಿಸುವ ಕಾರ್ಯವು ಹಾಗೆ ಸೂಚಿತವಾದವುಗಳಲ್ಲಿ ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಆ ರೋಗಕ್ಕೆ ಬಲಿಯಾದವರು ಸುಮಾರು 6 ಲಕ್ಷ ಮಂದಿ. ಅವರಲ್ಲಿ ಹೆಚ್ಚಿನವರು ಆಫ್ರಿಕದ ಐದು ವರ್ಷಕ್ಕಿಂತ ಕಿರಿಯ ಮಕ್ಕಳು. ಆ ಮಕ್ಕಳು ಯಾವ ಮತಪಟ್ಟಿಯಲ್ಲಿಯೂ ಇಲ್ಲ. ಹುಡುಕಿಕೊಂಡು ಹೋದವರಿಗೆ ಮಾತ್ರ ಅವರು ಕಾಣುತ್ತಾರೆ. ಇದೇ ರೀತಿಯಲ್ಲಿ ಪ್ರಾಣಿರಕ್ಷಣೆಯ ಸಂಸ್ಥೆಗಳನ್ನು ಪರೀಕ್ಷಿಸುವ ಎನಿಮಲ್ ಚಾರಿಟಿ ಇವ್ಯಾಲ್ಯುಯೇಟರ್ಸ್ ಎಂಬ ಸಂಸ್ಥೆಯೂ ಇದೆ.

ಪರೀಕ್ಷೆಯ ಮಾರ್ಗಕ್ಕೂ ಮಿತಿಗಳಿವೆ. ಎಣಿಸಲು ಬರುವ ಉಪಕಾರವನ್ನು ಅದು ಬೇಗ ಗುರುತಿಸುತ್ತದೆ. ಎಣಿಕೆಗೆ ಸಿಗದ ಉಪಕಾರವು ಹಿಂದೆ ಬೀಳಬಹುದು. ಒಂದು ಹಳೆಯ ತಾಳೆಯೋಲೆಯ ಗ್ರಂಥವನ್ನು ಉಳಿಸಿದರೆ ಎಷ್ಟು ಜನಕ್ಕೆ ಎಷ್ಟು ಹಿತವಾಯಿತೆಂದು ಅಳೆಯುವ ಮಾನದಂಡವಾವುದು? ಅಲ್ಲದೆ, ಎಲ್ಲವನ್ನೂ ತಜ್ಞರಿಗೆ ಒಪ್ಪಿಸಿದಾಗ ದಾತೃವು ಹಣ ಕೊಟ್ಟು ಸುಮ್ಮನಾಗುತ್ತಾನೆ. ವಿಚಾರಿಸಿ ಕೊಡುವ ಅಭ್ಯಾಸವೇ ಅವನಿಗೆ ತಪ್ಪಿಹೋಗುತ್ತದೆ. ರೆಡ್ಡಿಟ್ ಬಳಗದ ಮತದಾನದಲ್ಲಿದ್ದ ದೊಡ್ಡ ಗುಣವೆಂದರೆ ಸಾಮಾನ್ಯ ಸದಸ್ಯನೂ ‘ಯಾರಿಗೆ ಕೊಡಬೇಕು’ ಎಂಬ ಪ್ರಶ್ನೆಯನ್ನು ಒಮ್ಮೆ ತನಗೆ ತಾನೇ ಕೇಳಿಕೊಂಡುದು. ಆ ಪ್ರಶ್ನೆಯನ್ನು ಕೇಳಿಕೊಳ್ಳುವುದರಿಂದಲೇ ದಾತೃವಿನ ಭಾವವು ಶುದ್ಧವಾಗುತ್ತದೆ.

ಆದುದರಿಂದ ಇವೆರಡೂ ಕೂಡಿರಬೇಕು. ಇಂಥ ಕೂಡುವಿಕೆಗೆ ದೂರ ಹೋಗಬೇಕಾಗಿಲ್ಲ. ಶ್ರವಣಬೆಳಗೊಳದ ಕಲ್ಲಿನಲ್ಲಿಯೇ ಅದು ಬರೆದಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ ವಿವಾದವನ್ನು ವಿಜಯನಗರದ ಬುಕ್ಕರಾಯನು ಪರಿಹರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿದ ವೃತ್ತಾಂತವು ಎಲ್ಲರಿಗೂ ತಿಳಿದುದೇ. ಅದೇ ಶಾಸನದ ಇನ್ನೊಂದು ಭಾಗವು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ರಾಜ್ಯದ ಭವ್ಯಜನರ ಒಪ್ಪಿಗೆಯಿಂದ, ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ, ಬೆಳಗೊಳದ ದೇವರ ಅಂಗರಕ್ಷೆಗೆ 20 ಮಂದಿ ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳನ್ನು ಸರಿಪಡಿಸಬೇಕು. ಈ ಕಾರ್ಯದ ಹೊಣೆಯನ್ನು ಹೊತ್ತವನು ತಿರುಮಲೆಯ ತಾತಯ್ಯ, ವೈಷ್ಣವ.

ಇದರ ವಿವೇಕವನ್ನು ಬಿಡಿಬಿಡಿಯಾಗಿ ನೋಡಬೇಕು. ಕೊಡುವವರ ಒಪ್ಪಿಗೆ ಇದೆ. ಮನೆಗೊಂದು ಹಣವೆಂದುದರಿಂದ ಬಡವನ ಪಾಲೂ ಧನಿಕನ ಪಾಲೂ ಸಮ. ಹೆಚ್ಚು ಕೊಟ್ಟವನಿಗೆ ಹೆಚ್ಚು ಮಾತಿಲ್ಲ. ಉದ್ದೇಶವು ಮೊದಲೇ ನಿರ್ಣಯವಾಗಿದೆ. ಹೊಣೆಗಾರನ ಹೆಸರು ಬಹಿರಂಗವಾಗಿದೆ. ಉಳಿದ ಹಣವೇನಾಗಬೇಕೆಂಬುದನ್ನೂ ಮರೆತಿಲ್ಲ. ಅದು ಯಾರೂ ವಿಚಾರಿಸದೆ ಪಾಳುಬಿದ್ದ ಬಸದಿಗಳಿಗೆ, ಅಂದರೆ ತಮ್ಮ ಪರವಾಗಿ ಮಾತನಾಡುವವರು ಯಾರೂ ಇಲ್ಲದ ಸ್ಥಳಗಳಿಗೆ ಹೋಗಬೇಕು. ಆರೂವರೆ ಶತಮಾನಗಳ ಹಿಂದಿನ ಈ ಏರ್ಪಾಡಿನಲ್ಲಿ ಜನಮತವೂ ಇದೆ, ಜನಮತಕ್ಕೆ ನಿಲುಕದವರ ಚಿಂತೆಯೂ ಇದೆ.

ಪ್ರತಿಷ್ಠೆಯ ಮಂಗಳವಾದ್ಯಗಳು ನಿಂತ ಮೇಲೆ ಪ್ರತಿಯೊಂದು ಊರಿನ ಸಮಾಜದ ಮುಂದೆಯೂ ಒಂದು ನಿಧಿಯು ಉಳಿಯುತ್ತದೆ, ಇಲ್ಲವೇ ಬೆಳೆಯುತ್ತದೆ. ವಿದ್ಯಾರ್ಥಿವೇತನಕ್ಕೆ ಕೊಡಬೇಕೆಂದು ಕೆಲವರು, ಔಷಧಾಲಯಕ್ಕೆಂದು ಕೆಲವರು, ಗ್ರಂಥಪ್ರಕಟಣೆಗೆಂದು ಕೆಲವರು, ಗೋಶಾಲೆಗೆಂದು ಕೆಲವರು ಹೇಳುವುದುಂಟು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳೂ ಅಲ್ಲಿ ಬಂದು ನಿಲ್ಲುತ್ತವೆ. ಆಗ ಕೈಯೆತ್ತಿಸಿ ಎಣಿಸಿಬಿಟ್ಟರೆ, ಸಭೆಗೆ ಹೆಚ್ಚು ಜನರನ್ನು ಕರೆತಂದವರ ಅಭಿಪ್ರಾಯವೇ ಧರ್ಮವೆನಿಸಿಕೊಳ್ಳುವ ಭಯವುಂಟು. ಅದರ ಬದಲಾಗಿ, ತಿಳಿದವರು ಮೊದಲು ಊರೂರಿಗೆ ಹೋಗಿ ವಿಚಾರಿಸಿ, ನಿಜವಾದ ಅಗತ್ಯಗಳನ್ನು ಬರೆದು ಸಭೆಯ ಮುಂದಿಡಲಿ. ಸ್ತ್ರೀಯರೂ ತರುಣರೂ ಸೇರಿ ಎಲ್ಲರೂ ಅದನ್ನು ಓದಿ ಮತವನ್ನು ನೀಡಲಿ. ಮತಕ್ಕೆ ಮೊದಲೇ ಒಂದು ಪಾಲನ್ನು ಬೇರೆಯಾಗಿ ತೆಗೆದು, ಸಭೆಗೆ ಬರಲಾರದ ರೋಗಿಗೂ, ಬಾಯಿಲ್ಲದ ಪ್ರಾಣಿಗೂ ಮೀಸಲಿಡಲಿ. ವರ್ಷ ತುಂಬಿದ ಮೇಲೆ ಕೊಟ್ಟ ಹಣವು ಏನಾಯಿತೆಂಬ ಲೆಕ್ಕವನ್ನು ಬಸದಿಯ ಪ್ರಾಂಗಣದಲ್ಲಿ ಓದಿ ಹೇಳಲಿ.

ಎಣಿಕೆಯು ಕೊಡುವವರ ಇಚ್ಛೆಯನ್ನು ತಿಳಿಸುತ್ತದೆ. ಪಡೆಯುವವರ ಕಷ್ಟವನ್ನು ತಿಳಿಯಬೇಕಾದರೆ ಎದ್ದು ಅವರ ಬಳಿಗೆ ಹೋಗಿ ಬರಬೇಕು. ಹಾಗೆ ಹೋಗಿ ಬಂದವರು ನೀಡುವ ಮತವು ಒಂದೇ ಆದರೂ ಅದು ದಾನವೆನಿಸುತ್ತದೆ. ಸಮಸ್ತ ಜೀವರಾಶಿಗೂ ಮಂಗಳವಾಗಲಿ.