ಈ ಮಳೆಗಾಲದ ಓದಿಗೆ ಒಂದು ಕರೆ
(ಬಳಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಲೆನಾಡಿನಲ್ಲಿ ಮಳೆಗಾಲವೆಂದರೆ ಒಂದು ಕಾಲಕ್ಕೆ ಓದಿನ ಕಾಲವೂ ಆಗಿತ್ತು. ಹೊರಗೆ ಹನಿ ಕಡಿಯದ ಮಳೆ. ಒಳಗೆ ಒಬ್ಬರು ಜೈಮಿನಿ ಭಾರತವನ್ನೋ ಗದುಗಿನ ಭಾರತವನ್ನೋ ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಉಳಿದವರು ಹಗ್ಗ ಹೊಸೆಯುತ್ತ ಕೇಳುವುದು. ಅಕ್ಷರ ಬಾರದವರೂ ಆ ಓದಿನಲ್ಲಿ ಪಾಲುದಾರರೇ. ಅರ್ಥ ತಪ್ಪಿದರೆ ಮೂಲೆಯಲ್ಲಿ ಕುಳಿತ ಅಜ್ಜಿಯೇ ತಿದ್ದುತ್ತಿದ್ದಳು. ಆ ಪದ್ಧತಿಯನ್ನು ಬೇರೆ ಪುಸ್ತಕಗಳೊಡನೆ ಮತ್ತೆ ಆರಂಭಿಸಬೇಕೆಂಬುದು ಬಳಗದ ಯೋಜನೆ.

ಇದಕ್ಕೊಂದು ತುರ್ತು ಕಾರಣವಿದೆ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ ಪಶ್ಚಿಮಘಟ್ಟದ ಕುರಿತ ವರದಿಯನ್ನು 2011ರಲ್ಲಿ ಕೇಂದ್ರ ಸರ್ಕಾರಕ್ಕೆ ಒಪ್ಪಿಸಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂದಿತು. 2014ರಿಂದ 2024ರವರೆಗೆ ಆರು ಬಾರಿ ಕರಡು ಅಧಿಸೂಚನೆಗಳು ಹೊರಟವು. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಅವುಗಳಲ್ಲಿ ಸೇರಿತ್ತು. ಊರೂರುಗಳಲ್ಲಿ ಪ್ರತಿಭಟನೆಗಳು ನಡೆದವು, ಠರಾವುಗಳಾದವು, ಪರ ವಿರೋಧದ ಭಾಷಣಗಳಿಗೆ ಕೊರತೆಯಾಗಲಿಲ್ಲ. ಆದರೆ ಇಂಗ್ಲಿಷಿನ ಆ ದಪ್ಪ ವರದಿಗಳನ್ನು ತೆರೆದು ಓದಿದವರೆಷ್ಟು ಮಂದಿ? ತಮ್ಮ ಮನೆಯ ಹಿಂದಿನ ಗುಡ್ಡದ ವಿಷಯದಲ್ಲಿ ಅನ್ಯರು ಬರೆದದ್ದನ್ನು ಓದದೆಯೇ ಒಪ್ಪುವುದು ಹೇಗೆ ಅವಿವೇಕವೋ, ಓದದೆಯೇ ಸುಡುವುದೂ ಹಾಗೆಯೇ. ಆದ್ದರಿಂದ ಈ ಪಟ್ಟಿಯ ಗುರಿ ಕೊನೆಗೆ ಆ ವರದಿಗಳೇ. ಅಲ್ಲಿಗೆ ಹೋಗುವ ದಾರಿ ಮಾತ್ರ ಕಥೆ ಕಾದಂಬರಿಗಳ ಮೂಲಕ ಸಾಗುತ್ತದೆ. ಗುಡ್ಡದ ಮೇಲೆ ಬದುಕು ಕಟ್ಟಿದವರ ಕಷ್ಟವನ್ನು ಮೊದಲು ಅರಿಯದವನಿಗೆ ವರದಿಯ ನಕ್ಷೆ ಬರಿಯ ಬಣ್ಣದ ಕಾಗದ.

ವೇಳಾಪಟ್ಟಿಯನ್ನು ತಿಂಗಳ ಲೆಕ್ಕದಲ್ಲಿ ಹಾಕಿಲ್ಲ, ಮಳೆಯ ಲೆಕ್ಕದಲ್ಲಿ ಹಾಕಿದೆ. ಮೃಗಶಿರಾ, ಆರಿದ್ರಾ ಮಳೆಗಳಿಗೆ ಶಿವರಾಮ ಕಾರಂತರ ‘ಬೆಟ್ಟದ ಜೀವ’. 1943ರಲ್ಲಿ ಬಂದ ಈ ಕಾದಂಬರಿ ಸುಬ್ರಹ್ಮಣ್ಯದ ಸುತ್ತಲ ಕಾಡಿನದು. ಕಾಡು ಕಡಿದು ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯ, ಅವರ ಪತ್ನಿ ಶಂಕರಮ್ಮ, ಮನೆ ಬಿಟ್ಟುಹೋದ ಮಗ. ಪರಿಸರವಾದಿಗಳು ಈ ಪುಸ್ತಕವನ್ನು ಮೆಚ್ಚಿ ಮಾತನಾಡುವುದುಂಟು. ಅದು ಎತ್ತುವ ಇರುಸುಮುರುಸಿನ ಪ್ರಶ್ನೆಯನ್ನು ಬದಿಗಿಡುವುದೂ ಉಂಟು. ಇಂದಿನ ಕಾನೂನಿನ ಕಣ್ಣಿಗೆ ಗೋಪಾಲಯ್ಯ ಯಾರು? ಸಾಹಸಿ ಕೃಷಿಕನೋ, ಅತಿಕ್ರಮಣದಾರನೋ? ಆನೆ ಹುಲಿಗಳೊಡನೆ ಹೋರಾಡುತ್ತಲೇ ಬೆಟ್ಟವನ್ನು ಅಷ್ಟೊಂದು ಪ್ರೀತಿಸಿದ ಮನುಷ್ಯನಿಗೆ ಯಾವ ವಲಯದಲ್ಲಿ ಜಾಗ? ಇನ್ನೊಂದು ಪ್ರಶ್ನೆ ಇದಕ್ಕಿಂತ ಹತ್ತಿರದ್ದು. ಮಕ್ಕಳು ದೂರದ ಪಟ್ಟಣ ಸೇರಿ, ವೃದ್ಧರಿಬ್ಬರೇ ದೀಪ ಹಚ್ಚಿಕೊಂಡು ಕುಳಿತ ಮನೆಗಳು ಇಂದು ಘಟ್ಟದ ಯಾವ ಊರಿನಲ್ಲಿಲ್ಲ? ಅಂಥ ಮನೆಯೊಂದರ ಜಗಲಿಯಲ್ಲಿಯೇ ಮೊದಲ ಓದು ನಡೆಯಲಿ.

ಪುನರ್ವಸುವಿನಲ್ಲಿ ನಾಟಿಯ ಕೆಲಸ. ಕೈಯೂ ಬಿಡುವಿಲ್ಲ, ಸೊಂಟವೂ ಕೇಳುವುದಿಲ್ಲ. ಆಗ ಕೊಡಗಿನ ಗೌರಮ್ಮನವರ ಒಂದೆರಡು ಸಣ್ಣ ಕಥೆಗಳು ಸಾಕು. 1939ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡ ಈ ಲೇಖಕಿ ಹೆಚ್ಚಾಗಿ ಬರೆದದ್ದು ಹೆಣ್ಣಿನ ಬಾಳನ್ನು ಕುರಿತು. ಘಟ್ಟದ ಚರ್ಚೆಗಳೆಲ್ಲ ಗಂಡಸರ ಸಭೆಗಳಾಗಿಬಿಡುವ ಅಭ್ಯಾಸಕ್ಕೆ ಇದೊಂದು ಸಣ್ಣ ತಡೆ.

ಪುಷ್ಯ ಮಳೆ ಎಂದರೆ ಕೊಳೆರೋಗದ ಭಯ. ಆ ದಿನಗಳಿಗೆ ಎರಡು ಪುಸ್ತಕಗಳನ್ನು ಜೋಡಿಯಾಗಿ ಇಡಲಾಗಿದೆ. ಒಂದು, ಕೆನಡಾ ದೇಶದಿಂದ ಮೈಸೂರು ಸಂಸ್ಥಾನಕ್ಕೆ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ಪ್ರಕಟಿಸಿದ ಪುಸ್ತಿಕೆ. ಗೊನೆಗೆ ಕರಡದ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ಕಾಲವದು. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿಗೆ ಪರಿಚಯಿಸಿದವರು ಅವರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇಂದು ತೋಟಗಾರರಿಗೆಲ್ಲ ಬಾಯಿಪಾಠ. ಅದರ ಹಿಂದಿನ ಹುಡುಕಾಟದ ಕಥೆ ಮಾತ್ರ ಮರೆತುಹೋಗಿದೆ. ಪುಸ್ತಿಕೆ ಇಂಗ್ಲಿಷಿನಲ್ಲಿದೆ. ಕಾಲೇಜಿನ ವಿದ್ಯಾರ್ಥಿಗಳು ಓದಿ, ಕೊನೆಗೌಡರ ಎದುರಿಗೇ ಅದನ್ನು ಕನ್ನಡದಲ್ಲಿ ಹೇಳಬೇಕು. ಹೇಳುವಾಗ ಒಂದು ಸಂದೇಹವನ್ನೂ ಮುಂದಿಡಬೇಕು: ತಾಮ್ರ ಕೊಳೆತು ಕರಗಿಹೋಗುವ ವಸ್ತುವಲ್ಲ, ವರ್ಷಕ್ಕೆರಡು ಮೂರು ಬಾರಿಯಂತೆ ತಲೆಮಾರುಗಳಿಂದ ಸಿಂಪಡಿಸಿದ ತೋಟದ ಮಣ್ಣಿನಲ್ಲಿ, ಎರೆಹುಳುಗಳಲ್ಲಿ ಏನಾಗಿದೆ? ಮಣ್ಣಿನ ಪರೀಕ್ಷೆಗೆ ಕೊಡುವಾಗ ತಾಮ್ರದ ಅಂಶವನ್ನೂ ಕೇಳಿ ಬರೆಸಿಕೊಳ್ಳಿರಿ.

ಜೋಡಿಯ ಇನ್ನೊಂದು, ತೇಜಸ್ವಿಯವರ ‘ಕರ್ವಾಲೊ’ (1980). ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿಯೊಬ್ಬ, ಊರಿನವರು ದಡ್ಡನೆಂದು ನಕ್ಕ ಮಂದಣ್ಣನಲ್ಲಿ ಹುಟ್ಟು ಪ್ರಕೃತಿಶಾಸ್ತ್ರಜ್ಞನನ್ನು ಕಾಣುವ ಕಥೆಯಿದು. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಇದು ಕಡ್ಡಾಯ ಪಠ್ಯವಾಗಿದ್ದರೆ ಎಷ್ಟೋ ಕ್ಷೇತ್ರೋತ್ಸವಗಳು ಬೇರೆ ರೀತಿಯಲ್ಲಿ ನಡೆಯುತ್ತಿದ್ದವು.

ಆಶ್ಲೇಷ, ಮಘಾ ಮಳೆಗಳಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಅದರ ಗಾತ್ರಕ್ಕೆ ಅಂಜಬೇಕಾಗಿಲ್ಲ. ಮುಗಿಸಲೇಬೇಕೆಂಬ ಹಟವೂ ಬೇಡ. ನಾಯಿಗುತ್ತಿ ತನ್ನ ಹುಲಿಯನೊಡನೆ ನಡೆದ ದಾರಿಗಳನ್ನು ಹಿಡಿದು ಹೋದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಕಾಣುತ್ತದೆ: ಮರ, ಹಳ್ಳ, ಜಿಗಣೆ, ಜೊತೆಗೆ ಜೀತ ಮತ್ತು ಜಾತಿಯ ಕ್ರೌರ್ಯ. ಹಳೆಯ ಮಲೆನಾಡೆಲ್ಲ ಸ್ವರ್ಗವಾಗಿತ್ತೆಂದು ನಂಬಿದವರು ಇದನ್ನು ಅವಶ್ಯವಾಗಿ ಓದಬೇಕು. ಶಾಲೆಯ ಮಕ್ಕಳು ಕಾದಂಬರಿಯಲ್ಲಿ ಬರುವ ಗಿಡಮರಗಳ ಹೆಸರನ್ನು ಬರೆದುಕೊಂಡು, ಅವುಗಳಲ್ಲಿ ಎಷ್ಟನ್ನು ತಮ್ಮೂರಿನಲ್ಲಿ ಇಂದೂ ತೋರಿಸಬಲ್ಲವರಿದ್ದಾರೆಂದು ವಿಚಾರಿಸಲಿ.

ಹುಬ್ಬೆ, ಉತ್ತರೆಯ ಹೊತ್ತಿಗೆ ಮಳೆಯೂ ಸ್ವಲ್ಪ ಬಿಡುವು ಕೊಡುತ್ತದೆ. ಆಗ ಎರಡೂ ವರದಿಗಳು. ಇಡಿಯಾಗಿ ಬೇಡ. ಗಾಡ್ಗೀಳ್ ಸಮಿತಿ ಘಟ್ಟವನ್ನು ಮೂರು ವಲಯಗಳಾಗಿ ವಿಂಗಡಿಸಿದ್ದು ಯಾವ ಆಧಾರದ ಮೇಲೆ, ಗ್ರಾಮಸಭೆಗೆ ಯಾವ ಸ್ಥಾನ ಕೊಟ್ಟಿತು. ಕಸ್ತೂರಿರಂಗನ್ ಸಮಿತಿ ಘಟ್ಟದ ಶೇಕಡಾ 37ರಷ್ಟನ್ನು ಮಾತ್ರ ಸೂಕ್ಷ್ಮವೆಂದು ಆರಿಸಿದ್ದು ಹೇಗೆ. ತೋಟ, ಗದ್ದೆ, ಸೊಪ್ಪಿನ ಬೆಟ್ಟಗಳ ಬಗ್ಗೆ ಎರಡರಲ್ಲಿ ಏನಿದೆ, ಏನಿಲ್ಲ. ಇಷ್ಟನ್ನು ನಾಲ್ಕು ಸಂಜೆಗಳಲ್ಲಿ ಓದಬಹುದು. ವಿರೋಧಿಸುವವರು ಬಂದರೆ ಇನ್ನೂ ಒಳ್ಳೆಯದು. ವಿರೋಧ ಯಾವ ಪುಟಕ್ಕೆ ಎಂಬುದು ಆಗ ಖಚಿತವಾಗುತ್ತದೆ.

ಹಸ್ತ ಮಳೆಗೆ ಇಟ್ಟ ಪುಸ್ತಕ ಯಾವ ಅಂಗಡಿಯಲ್ಲಿಯೂ ಸಿಗದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದು ಊರವರನ್ನು ಕೇಳಿ ತಯಾರಿಸಿದ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿದಾಗ ಅವಸರದಲ್ಲಿ ಸಿದ್ಧವಾದ ದಾಖಲೆಗಳು ಹಲವು. ಪಂಚಾಯಿತಿ ಕಚೇರಿಗೆ ಹೋಗಿ ಕೇಳಿರಿ. ಸಿಕ್ಕರೆ ಗಟ್ಟಿಯಾಗಿ ಓದಿ, ಬಿಟ್ಟುಹೋದ ಅಪ್ಪೆಮಿಡಿಯ ಮರ, ಹೊಳೆಯ ಮೀನು, ಭತ್ತದ ತಳಿ, ನಾಟಿವೈದ್ಯರ ಬೇರು ಯಾವುದೆಂದು ಹಿರಿಯರಿಂದ ಹೇಳಿಸಿ ಪಕ್ಕದಲ್ಲಿ ಬರೆಯಿರಿ. ಸಿಗದಿದ್ದರೆ, ಸಿಗಲಿಲ್ಲವೆಂಬುದನ್ನು ಅರ್ಜಿಯಾಗಿ ಬರೆದುಕೊಡಿರಿ.

ಪುಸ್ತಕ ಕೊಳ್ಳುವ ಭಾರ ಎಲ್ಲರಿಗೂ ಬೇಡ. ಹತ್ತು ಮನೆಗೆ ಒಂದು ಪ್ರತಿ ಸಾಕು. ಮಳೆಯಲ್ಲಿ ಒಯ್ಯುವಾಗ ಪ್ಲಾಸ್ಟಿಕ್ ಕೊಪ್ಪೆ ಪುಸ್ತಕಕ್ಕಿರಲಿ, ತಲೆಗೆ ಕೊಡೆಯಿದೆ. ಅಂಚಿನಲ್ಲಿ ಸೀಸದ ಕಡ್ಡಿಯಿಂದ ಗುರುತು ಮಾಡುವುದಕ್ಕೆ ಅಡ್ಡಿಯಿಲ್ಲ. ಯಾವ ಊರಿನಲ್ಲಿ, ಯಾರ ಜಗಲಿಯಲ್ಲಿ ಮೊದಲ ಓದು ಎಂಬುದನ್ನು ಮೃಗಶಿರಾ ಹುಟ್ಟುವ ಮೊದಲೇ ತಿಳಿಸಿದರೆ ಪ್ರತಿಗಳನ್ನು ತಲುಪಿಸುವ ಏರ್ಪಾಡು ಆಗುತ್ತದೆ. ಚಿತ್ತಾ, ಸ್ವಾತಿ ಮಳೆಗಳ ಸಾಲನ್ನು ಖಾಲಿ ಬಿಡಲಾಗಿದೆ. ಅಲ್ಲಿಗೆ ಯಾವ ಪುಸ್ತಕವೆಂದು ಓದಿದವರೇ ಸೂಚಿಸಬೇಕು.