ಕೌದಿಯ ಲೆಕ್ಕ

(ರಜತ ಮಹೋತ್ಸವದ ಅಂಗವಾಗಿ ನಡೆದ ಮಹಿಳಾ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ಬೀಜದ ವಿಷಯ ಬೇರೆಯವರು ಮಾತಾಡಿದ್ದಾರೆ. ನಾನು ಕೌದಿಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಗಬೇಡ್ರಿ. ಕೌದಿ ಹೊದೆಯದೆ ಬೆಳೆದವರು ಈ ಪೆಂಡಾಲಿನಲ್ಲಿ ಒಬ್ಬರೂ ಇರಲಿಕ್ಕಿಲ್ಲ.

ಕಳೆದ ಬೇಸಿಗೆಯಲ್ಲಿ ಯಲ್ಲಾಪುರ ತಾಲೂಕಿನ ಒಂದು ಸಿದ್ದಿ ಊರಿನಲ್ಲಿ ಎರಡು ದಿನದ ಕೌದಿ ಶಿಬಿರಕ್ಕೆ ಹೋಗಿದ್ದೆ. ಸಿದ್ದಿ ಜನರ ಪೂರ್ವಜರು ಆಫ್ರಿಕಾದವರು. ಬಹಳ ಮಂದಿಯನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡು ಬಂದವರು ನಮ್ಮ ಘಟ್ಟದ ಕಾಡಿನಲ್ಲಿ ನೆಲೆ ನಿಂತರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಕೆಲವು ಕೌದಿಗಳ ಮೇಲೆ ಶಿಲುಬೆ, ಕೆಲವುಗಳ ಮೇಲೆ ಅರ್ಧಚಂದ್ರ ಇರುತ್ತದೆ. ಹೊಲಿಗೆ ಮಾತ್ರ ಎಲ್ಲರದೂ ಒಂದೇ.

ಅಲ್ಲಿ ಮೂರು ತಲೆಮಾರಿನ ಒಂದು ಕೌದಿ ತೋರಿಸಿದರು. ಒಂದು ಮೂಲೆ ಹರಿದಿತ್ತು. ಒಳಗೆ ಇಣುಕಿದರೆ ಅದಕ್ಕಿಂತ ಹಳೆಯ ಇನ್ನೊಂದು ಕೌದಿ! ಅಜ್ಜಿಯ ಕೌದಿ ಸವೆದಾಗ ಮಗಳು ಅದರ ಮೇಲೆ ತುಂಡು ಕೂಡಿಸಿದ್ದಾಳೆ, ಅದೂ ಸವೆದಾಗ ಮೊಮ್ಮಗಳು. ಇಳಕಲ್ ಸೀರೆಯ ಕೆಂಪು ಸೆರಗು, ಹಸಿರು ಕುಬಸದ ತೋಳು, ಮಗುವಿನ ಅಂಗಿಯ ಚೂರು ಎಲ್ಲಾ ಗುರುತು ಸಿಗುತ್ತಿದ್ದವು. ಬ್ಯಾಂಕಿನಲ್ಲಿ ಇಡದೆ ಕೂಡಿಟ್ಟ ಆಸ್ತಿ ಅದು.

ಹೊಲಿಯುವ ಕ್ರಮ ಕೇಳ್ರಿ. ಹಳೆ ಸೀರೆ ನೆಲಕ್ಕೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ತುಂಡಿನ ಅಂಚು ಮಡಚಿ ಸಣ್ಣ ಓಡುಹೊಲಿಗೆ ಹಾಕುತ್ತಾ ಸುತ್ತು ಬರುತ್ತಾರೆ. ಸುತ್ತು ಕಿರಿದಾಗುತ್ತಾ ನಡುವಿಗೆ ಬಂದು ಕೂಡುತ್ತದೆ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ‘ಫೂಲ’, ಅಂದರೆ ಹೂವು. ಹೂವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಮಾತು.

ನಾನೂ ಸೂಜಿ ಹಿಡಿದೆ. ಎರಡು ತಾಸಿಗೆ ಒಂದು ಗೇಣು ಆಯಿತು. ಪಕ್ಕದ ಅಜ್ಜಿ, "ತಮ್ಮಾ, ಎತ್ತು ಹೂಡಿದಂಗಲ್ಲ ಇದು" ಎಂದಳು. ಎಲ್ಲರೂ ನಕ್ಕರು. ಆಮೇಲೆ ಅವಳೇ ಕೇಳಿದಳು: "ಇಷ್ಟು ದಿನ ಬೆನ್ನು ಬಗ್ಗಿಸಿದ್ದಕ್ಕೆ ಕೂಲಿ ಯಾರು ಹಿಡೀತಾರೆ?" ಅಲ್ಲಿ ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಯನ್ನು ನಿಮ್ಮ ಮುಂದೆ ಇಡಲಿಕ್ಕೇ ನಾನು ನಿಂತಿದ್ದೇನೆ.

ನಮ್ಮೂರಿನಲ್ಲೂ ಇದೇ ಕಥೆ. ವ್ಯಾಪಾರಿ ಬಂದು ಕೌದಿಗೆ ಇಷ್ಟು ಎಂದು ಕೊಡುತ್ತಾನೆ. ಬಟ್ಟೆ ಹಳೆಯದಲ್ಲವೇ ಎಂದು ಚೌಕಾಶಿ ಮಾಡುತ್ತಾನೆ. ಬಟ್ಟೆ ಹಳೆಯದು, ನಿಜ, ದುಡಿಮೆ ಹಳೆಯದೇ? ಕಳೆ ತೆಗೆದರೆ ದಿನಗೂಲಿ ಬರೆಯುತ್ತೇವೆ. ಕೌದಿ ಹೊಲಿದರೆ ‘ಮನೆಯಾಗ ಸುಮ್ಮನೆ ಕೂತಿದ್ಲು’ ಎನ್ನುತ್ತೇವೆ. ಹೀಗಾದರೆ ಯಾವ ಹುಡುಗಿ ಕಲಿತಾಳು?

ಸಿದ್ದಿ ಹೆಣ್ಣುಮಕ್ಕಳಿಗೆ 2004ರಲ್ಲಿ ಕೌದಿಯ ಒಂದು ಸಹಕಾರ ಸಂಘ ಆಯಿತು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ರೈತ ಸಾಹುಕಾರನ ಲೆಕ್ಕದಿಂದ ಪಾರಾಗಲಿ ಎಂದು. ಅದೇ ದಾರಿ ಸೂಜಿ ಹಿಡಿದವಳಿಗೂ ಬೇಕು.

ಆದ್ದರಿಂದ ಮೂರು ಸೂಚನೆ. ಕೌದಿ ಹೊಲಿಯುವ ತಾಯಂದಿರು ತಮ್ಮದೇ ಹೆಸರಿನಲ್ಲಿ ಷೇರು ಪಡೆಯಲಿ. ಹೊಲಿದ ದಿನಗಳನ್ನು ಪುಸ್ತಕದಲ್ಲಿ ಬರೆದು, ಅದರ ಮೇಲೆ ಬೆಲೆ ಕಟ್ಟಿ, ಹಣ ಅವರ ಖಾತೆಗೇ ಹೋಗಲಿ. ಬಲ್ಲ ಅಜ್ಜಿಯರಿಗೆ ಗೌರವಧನ ಕೊಟ್ಟು, ಸಂಘದ ಗೋದಾಮಿನ ಪಡಸಾಲೆಯಲ್ಲಿ ಹುಡುಗಿಯರಿಗೆ ಕಲಿಸೋಣ. ಉಪವಿಧಿ ನೋಡಿಕೊಂಡು ಬರುವ ಸರ್ವಸಾಧಾರಣ ಸಭೆಯಲ್ಲಿ ಇದನ್ನು ಠರಾವಿಗೆ ಇಡಬೇಕೆಂದು ಅಧ್ಯಕ್ಷರಲ್ಲಿ ವಿನಂತಿ. ಅವತ್ತು ತಾಯಂದಿರು ಗಂಡಸರನ್ನು ಕಳಿಸದೆ ತಾವೇ ಬಂದು ಕೈ ಎತ್ತಬೇಕು.

 ಜೈ ಸಹಕಾರ.